ಸರ್ಕಾರ ‘ಹೋಗಬೇಡಿ’ ಅನ್ನುತ್ತದೆ, ಅಲ್ಲಿರುವ ಮಗ ‘ಏನೂ ಇಲ್ಲ’ ಅನ್ನುತ್ತಾನೆ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾದಲ್ಲಿ ಪಾಸ್‌ಪೋರ್ಟ್, ವೀಸಾ ಅರ್ಜಿ ತುಂಬಿಕೊಡುವುದು, ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. ಅದಕ್ಕೆ ಮೊದಲು ಮಸ್ಕತ್‌ನಲ್ಲಿದ್ದೆ. ಕಾರವಾರದಿಂದ ಭಟ್ಕಳದವರೆಗೆ ಗಲ್ಫಿಗೆ ಹೋದವರೇ ಇಲ್ಲದ ಕೇರಿ ಸಿಗುವುದು ಕಷ್ಟ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಅಮೆರಿಕಾ, ಕೆನಡಾ, ಜರ್ಮನಿ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದ ಮರುದಿನ ಅಂಗಡಿಗೆ ಬರುವವರು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದೇ ಇಟ್ಟಿದ್ದೇನೆ.

ಈ ಪ್ರಯಾಣ ಎಚ್ಚರಿಕೆ ಅಂದ್ರೆ ಏನು? ಯಾರು ಕೊಡ್ತಾರೆ?

ನಮ್ಮಲ್ಲಿ ದೆಹಲಿಯ ವಿದೇಶಾಂಗ ಸಚಿವಾಲಯ ಕೊಡುತ್ತದೆ. ಆಯಾ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಯೂ ಕೊಡುತ್ತದೆ. ಅಮೆರಿಕಾ 2018ರ ಜನವರಿಯಿಂದ ಎಲ್ಲ ದೇಶಗಳಿಗೂ 1ರಿಂದ 4ರವರೆಗೆ ನಂಬರ್ ಹಾಕುತ್ತಿದೆ. 1 ಅಂದರೆ ಮಾಮೂಲಿ ಎಚ್ಚರ ಸಾಕು, 4 ಅಂದರೆ ಹೋಗಲೇಬೇಡಿ. ಬ್ರಿಟನ್ ‘ತೀರಾ ಅಗತ್ಯ ಇದ್ದರೆ ಮಾತ್ರ’ ಮತ್ತು ‘ಬೇಡವೇ ಬೇಡ’ ಅಂತ ಎರಡು ಗೆರೆ ಎಳೆಯುತ್ತದೆ.

ಭಾರತ ನಂಬರ್ ಹಾಕುವುದಿಲ್ಲ, ವಾಕ್ಯದಲ್ಲೇ ಹೇಳುತ್ತದೆ. ಹಾಗಾಗಿ ಅದರ ಧಾಟಿ ಗೊತ್ತಿರಬೇಕು. ‘ಎಚ್ಚರದಿಂದಿರಿ, ರಾಯಭಾರ ಕಚೇರಿಯ ಸಂಪರ್ಕದಲ್ಲಿರಿ’ ಅಂತ ಬಂದರೆ ಗಾಬರಿ ಬೇಡ. ‘ಅನಗತ್ಯ ಪ್ರಯಾಣ ಬೇಡ’ ಅಂದರೆ ಹೋಗುವುದನ್ನು ಸ್ವಲ್ಪ ಮುಂದೂಡಿ. ‘ಸಿಗುವ ಯಾವುದೇ ಸಾರಿಗೆಯಲ್ಲಿ ಹೊರಡಿ’ ಅಂತ ಬಂತು ಅಂದರೆ ಅವತ್ತೇ ಟಿಕೆಟ್ ನೋಡಬೇಕು. ಆ ಮಾತನ್ನು ಸರ್ಕಾರ ಸುಮ್ನೆ ಬರೆಯುವುದಿಲ್ಲ. ಹಾಗೆ ಬರೆದ ಮೇಲೆ ಜನರನ್ನು ಕರೆತರುವ ಜವಾಬ್ದಾರಿ ತನ್ನ ತಲೆಗೇ ಬರುತ್ತದೆ ಅಂತ ಅದಕ್ಕೂ ಗೊತ್ತು.

ಎಚ್ಚರಿಕೆಗೂ ಅಲ್ಲಿರುವವರ ಅನುಭವಕ್ಕೂ ತಾಳೆ ಆಗ್ತದಾ?

ದಿನನಿತ್ಯದ ಮಟ್ಟಿಗೆ ಬಹಳ ಸಲ ಆಗುವುದಿಲ್ಲ. ಹಾಗಂತ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ರೆಡ್ ಅಲರ್ಟ್ ಬರುವುದನ್ನೇ ನೋಡಿ. ಜೊಯಿಡಾದಿಂದ ಭಟ್ಕಳದವರೆಗೆ ಇಡೀ ಜಿಲ್ಲೆಗೆ ಒಂದೇ ಬಣ್ಣ. ಶಾಲೆಗೆ ರಜೆ ಸಿಗುತ್ತದೆ, ಮರುದಿನ ಕುಮಟಾದಲ್ಲಿ ಬಿಸಿಲು. ಮಕ್ಕಳು ಕ್ರಿಕೆಟ್ ಆಡುತ್ತಾರೆ, ದೊಡ್ಡವರು ಇಲಾಖೆಯನ್ನು ಬೈಯುತ್ತಾರೆ. ಆದರೆ 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯ ಮೇಲೆ ಬಿದ್ದಿದ್ದು ಇಂಥದ್ದೇ ಮಳೆಯಲ್ಲಿ. ಅಲರ್ಟ್ ಕೊಡುವವನು ಇಡೀ ಜಿಲ್ಲೆ ನೋಡುತ್ತಾನೆ, ನಾವು ನಮ್ಮ ಅಂಗಳ ನೋಡುತ್ತೇವೆ. ಪ್ರಯಾಣ ಎಚ್ಚರಿಕೆಯದ್ದೂ ಇದೇ ಕಥೆ. ಸರ್ಕಾರ ಬರೆಯುವುದು ಆ ಊರು, ಭಾಷೆ, ಬಸ್ಸು ಯಾವುದೂ ಗೊತ್ತಿಲ್ಲದೆ ನಾಳೆ ಇಳಿಯುವವನಿಗೆ. 10 ವರ್ಷದಿಂದ ಅಲ್ಲೇ ಇರುವವನಿಗೆ ಯಾವ ಗಲ್ಲಿಗೆ ರಾತ್ರಿ ಹೋಗಬಾರದು, ಯಾವ ಪೊಲೀಸನ ಹತ್ತಿರ ಹೇಗೆ ಮಾತಾಡಬೇಕು ಎಲ್ಲ ಗೊತ್ತು. ಅವನು ‘ಸೇಫ್’ ಅನ್ನುವುದು ತನ್ನ ರೂಮು, ತನ್ನ ಡ್ಯೂಟಿ, ತನ್ನ ದಾರಿಯ ಲೆಕ್ಕದಲ್ಲಿ.

ನನ್ನ ಅಭಿಪ್ರಾಯ ಕೇಳಿದರೆ: ಅಲ್ಲಿ ಬದುಕು ಹೇಗೆ ಅನ್ನುವುದಕ್ಕೆ ಅಲ್ಲಿರುವವರನ್ನು ಕೇಳಿ. ಅಲ್ಲಿಂದ ಯಾವಾಗ ಹೊರಡಬೇಕು ಅನ್ನುವುದನ್ನು ಮಾತ್ರ ಅವರ ತೀರ್ಮಾನಕ್ಕೆ ಬಿಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮಗ ದೋಹಾದಲ್ಲಿದ್ದಾನೆ. ಟಿವಿಯಲ್ಲಿ ಕ್ಷಿಪಣಿ ತೋರಿಸ್ತಾ ಇದ್ರು, ಅವನು ‘ಏನೂ ಇಲ್ಲ ಆಯಿ, ಊಟ ಮಾಡ್ತಾ ಇದ್ದೆ’ ಅಂದ. ಯಾರನ್ನು ನಂಬೋದು?

2025ರ ಜೂನ್ 23ರ ರಾತ್ರಿಯ ಮಾತು ಇದು. ಕತಾರ್‌ನ ಅಲ್ ಉದೈದ್ ಅಮೆರಿಕನ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಿತ್ತು. ಹೆಚ್ಚಿನವನ್ನು ಆಕಾಶದಲ್ಲೇ ಹೊಡೆದುಹಾಕಿದರು, ಯಾರೂ ಸಾಯಲಿಲ್ಲ. ನಮ್ಮ ಟಿವಿಯವರು ಹಳೇ ಸ್ಫೋಟದ ಚಿತ್ರಗಳನ್ನೆಲ್ಲ ಸೇರಿಸಿ, ಕೆಂಪು ಅಕ್ಷರ ಹಾಕಿ, ಬೆಳಗಿನವರೆಗೆ ತಿರುಗಿಸಿದರು. ಅಂಕೋಲಾದ ಒಬ್ಬ ತಾಯಿ ಅವತ್ತು ರಾತ್ರಿ ಮಗನಿಗೆ ವಿಡಿಯೋ ಕಾಲ್ ಮಾಡಿದರೆ, ಅವನ ಹಿಂದೆ ನಾಲ್ಕು ಜನ ರೂಮಿನವರು ಕುಬೂಸ್ (ಅರಬ್ಬರ ರೊಟ್ಟಿ) ಮುರಿದುಕೊಂಡು ದಾಲ್ ತಿನ್ನುತ್ತಿದ್ದರಂತೆ. ಒಬ್ಬ ಬಾಲ್ಕನಿಯಿಂದ ಮೊಬೈಲಿನಲ್ಲಿ ಆಕಾಶ ಶೂಟ್ ಮಾಡುತ್ತಿದ್ದನಂತೆ. ಅದಂತೂ ತಪ್ಪು: ಗಾಜಿನ ಹತ್ತಿರ ನಿಲ್ಲಬಾರದು. ಇಂಥ ವಿಡಿಯೋ ಹಂಚಿಕೊಂಡರೆ ಗಲ್ಫಿನ ಎಷ್ಟೋ ಕಡೆ ಕೇಸ್ ಬೀಳುತ್ತದೆ.

ಮಗ ಹೇಳಿದ್ದು ನಿಜ. ಆದರೆ ಒಂದು ಮಾತು. ಗಲ್ಫಿನಲ್ಲಿರುವ ಮಗ ಆಯಿಗೆ ಯಾವತ್ತೂ ‘ಏನೂ ಇಲ್ಲ’ ಅಂತಲೇ ಹೇಳುತ್ತಾನೆ. ಸಂಬಳ ಮೂರು ತಿಂಗಳು ಆಗದಿದ್ದರೂ ಅದೇ, ಕಾಲು ಉಳುಕಿದರೂ ಅದೇ. ಹಾಗಾಗಿ ಆ ಮಾತನ್ನು ಸಮಾಧಾನ ಅಂತ ತೆಗೆದುಕೊಳ್ಳಿ, ಮಾಹಿತಿ ಅಂತ ಬೇಡ. ನಿಮಗೆ ಮಾಹಿತಿ ಬೇಕಾದರೆ ಅವನ ರೂಮಿನವನನ್ನು ಕೇಳಿ.

ಇನ್ನೊಂದು ವಿಷಯ ಗಮನಿಸಿ. ಅವತ್ತು ದಾಳಿಗೆ ಮೊದಲೇ ದೋಹಾದ ಅಮೆರಿಕಾ ರಾಯಭಾರ ಕಚೇರಿ ತನ್ನ ಜನರಿಗೆ ‘ಇದ್ದಲ್ಲೇ ಇರಿ, ಹೊರಗೆ ಬರಬೇಡಿ’ ಅಂತ ಸಂದೇಶ ಕಳಿಸಿತ್ತು. ಬೇರೆ ದೇಶದ ಎಚ್ಚರಿಕೆ ಓದಬಾರದು ಅಂತ ಕಾನೂನೇನೂ ಇಲ್ಲ. ನಮ್ಮದರ ಜೊತೆ ಅಮೆರಿಕಾ, ಬ್ರಿಟನ್‌ನದ್ದೂ ನೋಡಿ. ಮೂರೂ ಒಂದೇ ಹೊತ್ತಿಗೆ ಧಾಟಿ ಬದಲಿಸಿದರೆ ಏನೋ ಇದೆ ಅಂತಲೇ ಅರ್ಥ.

‘ಗಲ್ಫಿಗೆ ಯುದ್ಧ ಬರಲ್ಲ’ ಅನ್ನುವವರಿಗೆ ಒಂದು ನೆನಪು: 2022ರ ಜನವರಿ 17ರಂದು ಯೆಮನ್‌ನ ಬಂಡುಕೋರ ಹೌತಿಗಳು ಅಬುಧಾಬಿಯ ಮೇಲೆ ದಾಳಿ ಮಾಡಿದಾಗ ಸತ್ತ ಮೂವರಲ್ಲಿ ಇಬ್ಬರು ಭಾರತದವರು, ಒಬ್ಬ ಪಾಕಿಸ್ತಾನದವನು. ಮೂವರೂ ಹೊಟ್ಟೆಪಾಡಿಗೆ ಹೋದವರು.

ಅಲ್ಲಿರುವವರ ಮಾತನ್ನು ಯಾವಾಗ ಕೇಳಬಾರದು?

‘ಹೊರಡಿ’ ಅಂತ ಸರ್ಕಾರ ಹೇಳಿದ ಮೇಲೂ ಅವರು ‘ನೋಡೋಣ’ ಅಂದಾಗ.

ಯೆಮನ್ ನೋಡಿ. 2014ರ ಸೆಪ್ಟೆಂಬರ್‌ನಲ್ಲೇ ರಾಜಧಾನಿ ಸನಾ ಹೌತಿಗಳ ಕೈಗೆ ಹೋಗಿತ್ತು. ಹೊರಟುಬನ್ನಿ ಅಂತ ಭಾರತ ಮೊದಲೇ ಹೇಳಿತ್ತು. ಆದರೂ ನಾಲ್ಕು ಸಾವಿರಕ್ಕಿಂತ ಜಾಸ್ತಿ ನಮ್ಮವರು ಅಲ್ಲೇ ಉಳಿದರು, ಅವರಲ್ಲಿ ತುಂಬಾ ಜನ ನರ್ಸ್‌ಗಳು. 2015ರ ಮಾರ್ಚ್ 26ಕ್ಕೆ ಸೌದಿ ಬಾಂಬ್ ಹಾಕಲು ಶುರುಮಾಡಿತು, ವಿಮಾನ ನಿಂತವು. ಆಮೇಲೆ ಏಡನ್ ಬಂದರಿನಿಂದ ನೌಕಾಪಡೆಯ ಹಡಗಿನಲ್ಲಿ ಜಿಬೂಟಿ, ಅಲ್ಲಿಂದ ವಿಮಾನದಲ್ಲಿ ಊರು. ಆಪರೇಷನ್ ರಾಹತ್ ಅಂತ ಹೆಸರು. ಸುಮಾರು 4,600 ಭಾರತೀಯರ ಜೊತೆಗೆ 41 ದೇಶಗಳ 960 ಜನರನ್ನೂ ತಂದರು. ಕೆಲಸ ದೊಡ್ಡದೇ, ಒಪ್ಪುತ್ತೇನೆ. ಆದರೆ ಜನವರಿಯಲ್ಲೇ ಹೊರಟಿದ್ದರೆ ಮಾಮೂಲಿ ಟಿಕೆಟ್‌ನಲ್ಲಿ ಬರಬಹುದಿತ್ತು.

ಉಕ್ರೇನ್‌ದೂ ಹಾಗೇ. ಇರುವುದು ಅನಿವಾರ್ಯ ಅಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡುವುದನ್ನು ಯೋಚಿಸಿ ಅಂತ 2022ರ ಫೆಬ್ರವರಿ 15ಕ್ಕೆ ಕೀವ್‌ನ ನಮ್ಮ ರಾಯಭಾರ ಕಚೇರಿ ಹೇಳಿತು. ಈ ‘ಯೋಚಿಸಿ’ ಅನ್ನುವುದೇ ಎಡವಟ್ಟು. ಕಾಲೇಜು ಆನ್‌ಲೈನ್ ಕ್ಲಾಸ್ ಕೊಡಲಿಲ್ಲ, ಹಾಜರಾತಿ ಹೋಗುತ್ತದೆ ಅಂತ ಹುಡುಗರು ಕೂತರು, ಟಿಕೆಟ್ ದರವೂ ಏರಿತು. 24ಕ್ಕೆ ಯುದ್ಧ ಶುರು, ಅವತ್ತೇ ವಿಮಾನ ಬಂದ್. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೋದ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಹುಡುಗ ತೀರಿಹೋದ. ಇಲ್ಲಿ ನಾನು ಹುಡುಗರನ್ನು ಬೈಯುವುದಿಲ್ಲ. ಎಚ್ಚರಿಕೆಯ ಭಾಷೆಯೂ ಗಟ್ಟಿಯಾಗಿರಲಿಲ್ಲ.

ಅಲ್ಲಿರುವವರು ಯಾಕೆ ಹೊರಡುವುದಿಲ್ಲ? ಧೈರ್ಯದಿಂದ ಅಂತೂ ಅಲ್ಲ. ಏಜೆಂಟನಿಗೆ ಕೊಟ್ಟ ಸಾಲ ತೀರಿರುವುದಿಲ್ಲ. ಹೆಂಡತಿಯ ಬಂಗಾರ ಸೊಸೈಟಿಯಲ್ಲಿ ಅಡವಿದೆ. ಕೆಲಸ ಬಿಡುವಾಗ ಕೊಡುವ ಸರ್ವಿಸ್ ಹಣ ಬರಬೇಕು. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿದೆ. ಹೋದರೆ ವಾಪಸ್ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಇಷ್ಟೆಲ್ಲ ತಲೆಯಲ್ಲಿದ್ದಾಗ ಮನುಷ್ಯ ಅಪಾಯ ಎಷ್ಟಿದೆ ಅಂತ ಸರಿಯಾಗಿ ಅಳೆಯುವುದಿಲ್ಲ, ತನಗೆ ಬೇಕಾದ ಉತ್ತರಕ್ಕೆ ಕಾರಣ ಹುಡುಕುತ್ತಾನೆ. ಅದಕ್ಕೇ ಹೊರಡುವ ವಿಷಯದಲ್ಲಿ ಅಲ್ಲಿರುವವನಿಗಿಂತ ಹೊರಗಿನಿಂದ ನೋಡುವವನ ಮಾತಿಗೆ ತೂಕ ಜಾಸ್ತಿ.

ಎಚ್ಚರಿಕೆ ಕೊಡದೆಯೇ ಯುದ್ಧ ಆಗಿದ್ದಿಲ್ವಾ?

ಆಗಿದೆ. 2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಎರಡು ಸೇನಾ ಬಣಗಳು ಬಡಿದಾಡಿಕೊಂಡಾಗ ಮೊದಲ ದಿನವೇ ಖಾರ್ಟೂಮ್ ವಿಮಾನ ನಿಲ್ದಾಣ ರಣರಂಗವಾಯಿತು. ಹೊರಗೆ ಬರಬೇಡಿ ಅನ್ನುವುದು ಬಿಟ್ಟರೆ ರಾಯಭಾರ ಕಚೇರಿಗೆ ಹೇಳಲು ಏನೂ ಇರಲಿಲ್ಲ. ಗಿಡಮೂಲಿಕೆ ಮಾರಲು ಹೋದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು, ನೆನಪಿರಬಹುದು. ಪೋರ್ಟ್ ಸುಡಾನ್‌ವರೆಗೆ ಬಸ್ಸು, ಅಲ್ಲಿಂದ ಹಡಗು ಇಲ್ಲವೇ ವಾಯುಪಡೆಯ ವಿಮಾನದಲ್ಲಿ ಜೆದ್ದಾ. ಆಪರೇಷನ್ ಕಾವೇರಿಯಲ್ಲಿ ಒಟ್ಟು 3,862 ಜನ ಬಂದರು.

ಹಾಗಾದ್ರೆ ಗಲ್ಫಿನಲ್ಲಿ ನಿಜವಾದ ಅಪಾಯ ಯಾವುದು?

ಈ ಪ್ರಶ್ನೆ ಕೇಳುವವರು ಕಡಿಮೆ. ಎಲ್ಲರೂ ಕೇಳಬೇಕಾದದ್ದು ಇದು.

2024ರ ಜೂನ್ 12ರ ಬೆಳಗಿನ ಜಾವ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿತ್ತು. ಜನ ಮಲಗಿದ್ದರು. ಕನಿಷ್ಠ 45 ಭಾರತೀಯರು ಸತ್ತರು, ಹೆಚ್ಚಿನವರು ಹೊಗೆಯಲ್ಲಿ. ಆ ದಿನ ಕುವೈತ್‌ಗೆ ಹೋಗಬೇಡಿ ಅಂತ ಯಾವ ಸರ್ಕಾರವೂ ಹೇಳಿರಲಿಲ್ಲ, ಹೇಳಲು ಕಾರಣವೂ ಇರಲಿಲ್ಲ. ಒಂದು ಮಹಡಿಗೆ ಎಷ್ಟು ಜನರನ್ನು ತುಂಬಿದ್ದಾರೆ, ಮೆಟ್ಟಿಲ ಬಳಿ ಗ್ಯಾಸ್ ಸಿಲಿಂಡರ್ ಇಟ್ಟಿದ್ದಾರಾ, ತಾರಸಿಯ ಬಾಗಿಲಿಗೆ ಬೀಗ ಇದೆಯಾ, ಇದನ್ನೆಲ್ಲ ಪ್ರಯಾಣ ಎಚ್ಚರಿಕೆಯಲ್ಲಿ ಬರೆಯುವುದಿಲ್ಲ. ಮಗ ಹೊಸ ರೂಮಿಗೆ ಹೋದಾಗ ‘ಏಸಿ ಇದೆಯಾ’ ಅಂತ ಕೇಳುತ್ತೀರಿ. ತಾರಸಿಗೆ ಬೀಗ ಇದೆಯಾ ಅಂತಲೂ ಕೇಳಿ.

ಆಮೇಲೆ ಬಿಸಿಲು. ಎಮಿರೇಟ್ಸ್‌ನಲ್ಲಿ (ದುಬೈ, ಅಬುಧಾಬಿ ಇರುವ ದೇಶ) ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಹೊರಾಂಗಣ ಕೆಲಸ ಮಾಡಿಸುವಂತಿಲ್ಲ. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ 11ರಿಂದ 4. ಬೇರೆ ಕಡೆಯೂ ಹೀಗೇ ನಿಯಮ ಇದೆ. ನಿಯಮ ಚೆನ್ನಾಗಿಯೇ ಇದೆ. ಆದರೆ 12.29ರವರೆಗೆ ಕಬ್ಬಿಣ ಹೊತ್ತವನ ರಕ್ತದೊತ್ತಡವನ್ನು ನಿಯಮ ನೋಡುವುದಿಲ್ಲ. ಗಲ್ಫಿನಿಂದ ಬರುವ ಸಾವಿನ ಕಾಗದಗಳಲ್ಲಿ ನಾನು ಓದಿದ ಕಾರಣ ಹೆಚ್ಚಾಗಿ ಹೃದಯ ನಿಂತಿತು ಅನ್ನುವುದು, ಅದು ಬಿಟ್ಟರೆ ರಸ್ತೆ ಅಪಘಾತ. ಕ್ಷಿಪಣಿ ಅಂತ ಬರೆದ ಒಂದು ಕಾಗದವೂ ನನ್ನ ಮೇಜಿಗೆ ಬಂದಿಲ್ಲ.

ಮೂರನೆಯದು ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ. ಕತಾರ್ 2020ರಲ್ಲಿ, ಸೌದಿ 2021ರಲ್ಲಿ ಕಾನೂನು ಸಡಿಲ ಮಾಡಿವೆ, ಕೆಲಸ ಬದಲಿಸುವುದು ಮೊದಲಿನಷ್ಟು ಕಷ್ಟ ಇಲ್ಲ. ಆದರೂ ಮಾಲೀಕ ‘ಇವನು ಓಡಿಹೋಗಿದ್ದಾನೆ’ ಅಂತ ದೂರು (ಸೌದಿಯಲ್ಲಿ ಅದಕ್ಕೆ ಹುರೂಬ್ ಅನ್ನುತ್ತಾರೆ) ಕೊಟ್ಟರೆ ಕೆಲಸಗಾರನ ಇಕಾಮಾ, ಅಂದರೆ ಅಲ್ಲಿ ಇರುವ ಪರವಾನಗಿ, ಕೆಲಸಕ್ಕೆ ಬರುವುದಿಲ್ಲ, ಊರಿಗೂ ಬರಲಾಗುವುದಿಲ್ಲ. ಬೀದಿಯಲ್ಲಿ ಕಳ್ಳತನವೇ ಇಲ್ಲದ ಊರಿನಲ್ಲಿ ಒಬ್ಬ ಮನುಷ್ಯ ಹೀಗೆ ವರ್ಷಗಟ್ಟಲೆ ಅಡಗಿ ಬದುಕುವುದೂ ಇದೆ. ಇವನನ್ನು ಕೇಳಿದರೆ ಆ ದೇಶ ಸೇಫ್ ಅನ್ನುತ್ತಾನಾ?

‘ಫ್ರೀ ವೀಸಾ’, ‘ಆಜಾದ್ ವೀಸಾ’, ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು ಅಂತ ಯಾರಾದರೂ ಬಂದರೆ ಒಂದೇ ಮಾತು: ಅಂಥದ್ದೊಂದು ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ.

ದುಬೈಗೆ ಏನು ಕಟ್ಟಿಕೊಡಬಹುದು? ಏರ್‌ಪೋರ್ಟ್‌ನಲ್ಲಿ ಹಿಡೀತಾರಂತಲ್ಲ?

ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಬಿಗಿಯಾಗಿ ಪ್ಯಾಕ್ ಮಾಡಿ ಲಗೇಜಿನಲ್ಲಿ ಹಾಕಿ. ಗಸಗಸೆ ಬೇಡವೇ ಬೇಡ. ಎಮಿರೇಟ್ಸ್, ಸೌದಿಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಾಗುತ್ತದೆ. ನಮ್ಮ ಮನೆಗಳಲ್ಲಿ ಇದು ಬರುವುದು ಮಸಾಲೆ ಪುಡಿಯ ದಾರಿಯಲ್ಲಿ. ಹೊರಡುವ ಹಿಂದಿನ ದಿನ ಅಜ್ಜಿ ಹುರಿದು, ಪುಡಿ ಮಾಡಿ, ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿರುತ್ತಾರೆ. ಅದರಲ್ಲಿ ಒಂದು ಚಮಚ ಗಸಗಸೆ ಬಿದ್ದಿದೆಯಾ ಅಂತ ಹುಡುಗನಿಗೂ ಗೊತ್ತಿರುವುದಿಲ್ಲ. ಕೇಳಿಯೇ ಇಟ್ಟುಕೊಳ್ಳಿ.

ಶಿರಸಿ ಕಡೆಯವರಿಗೆ ವಿಶೇಷ ಸೂಚನೆ: ಕವಳದ ಸಂಚಿ ಮನೆಯಲ್ಲೇ ಬಿಟ್ಟು ಹೋಗಿ. ದುಬೈನಲ್ಲಿ ಎಲೆ, ಪಾನ್ ತರುವುದು ನಿಷೇಧ. ಬೇಜಾರಾಗುತ್ತದೆ, ಗೊತ್ತು.

ಮಾತ್ರೆಗಳ ವಿಷಯದಲ್ಲೂ ಹುಷಾರು. ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನರದ ನೋವಿಗೆ ಕೊಡುವ ಪ್ರಿಗಾಬಲಿನ್ ಇವೆಲ್ಲ ಎಮಿರೇಟ್ಸ್‌ನಲ್ಲಿ ನಿಯಂತ್ರಿತ ಔಷಧಿ. ಡಾಕ್ಟರ್ ಚೀಟಿ ಇದ್ದರೆ ಸಾಲದು, ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಇಂಥ ವಿಷಯದಲ್ಲಿ ಸರ್ಕಾರಗಳ ಸೂಚನೆ ಬಹಳ ಚೆನ್ನಾಗಿರುತ್ತದೆ. ಜನ ಯುದ್ಧದ ಸಾಲು ಓದಿ ಮುಚ್ಚುತ್ತಾರೆ, ‘ಸ್ಥಳೀಯ ಕಾನೂನು’ ಅನ್ನುವ ಭಾಗ ಓದುವುದೇ ಇಲ್ಲ. ನನ್ನ ಪ್ರಕಾರ ಇಡೀ ಎಚ್ಚರಿಕೆಯಲ್ಲಿ ಕೆಲಸಕ್ಕೆ ಬರುವ ಭಾಗವೇ ಅದು. ಸಿಟ್ಟಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಬೈದರೂ ಅಲ್ಲಿ ಅಪರಾಧ ಅನ್ನುವುದು ಅದೇ ಭಾಗದಲ್ಲಿರುತ್ತದೆ.

ಅಮೆರಿಕಾದಲ್ಲಿ ದಿನಾ ಗುಂಡು ಹಾರುತ್ತೆ. ಅಲ್ಲಿಗೆ ಹೋಗಬೇಡಿ ಅಂತ ಯಾಕೆ ಹೇಳಲ್ಲ?

ಶಿರಸಿಯ ಒಬ್ಬ ಮಾಸ್ತರರು ಕೇಳಿದ ಪ್ರಶ್ನೆ. ಒಳ್ಳೆಯ ಪ್ರಶ್ನೆ.

ಎಚ್ಚರಿಕೆಯಲ್ಲಿ ರಾಜಕೀಯವೂ ಸ್ವಲ್ಪ ಬೆರೆತಿರುತ್ತದೆ. 2019ರ ಆಗಸ್ಟ್‌ನಲ್ಲಿ ಎಲ್ ಪಾಸೊ ಮತ್ತು ಡೇಟನ್‌ನಲ್ಲಿ ಒಂದರ ಹಿಂದೆ ಒಂದು ಗುಂಡಿನ ದಾಳಿ ಆದಾಗ ಉರುಗ್ವೆ, ವೆನೆಜುವೆಲಾ ತಮ್ಮ ಜನರಿಗೆ ಅಮೆರಿಕಾದಲ್ಲಿ ಹುಷಾರು ಅಂತ ಹೇಳಿದ್ದವು. ಸಂಬಂಧ ಚೆನ್ನಾಗಿರುವ ದೇಶಗಳು ಇಂಥದ್ದನ್ನು ಮೆತ್ತಗೆ, ಒಳಪುಟದಲ್ಲಿ ಬರೆಯುತ್ತವೆ. ಕೆನಡಾ ನೋಡಿ: 2023ರ ಸೆಪ್ಟೆಂಬರ್ 18ಕ್ಕೆ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಭಾರತದ ಮೇಲೆ ಆರೋಪ ಮಾಡಿದರು, 20ಕ್ಕೆ ‘ಕೆನಡಾದಲ್ಲಿ ಅತ್ಯಂತ ಎಚ್ಚರದಿಂದಿರಿ’ ಅಂತ ನಮ್ಮ ಸೂಚನೆ ಬಂತು. ಆ ಎರಡು ದಿನದಲ್ಲಿ ಟೊರೊಂಟೊದ ಬೀದಿ ಬದಲಾಗಿರಲಿಲ್ಲ. ಅಲ್ಲಿದ್ದ ನಮ್ಮ ಹುಡುಗರು ಅವತ್ತೂ ಬಾಡಿಗೆ, ಪಾರ್ಟ್‌ಟೈಮ್ ಕೆಲಸದ ಚಿಂತೆಯಲ್ಲೇ ಇದ್ದರು.

ಹಾಗಾಗಿ ಎಚ್ಚರಿಕೆ ಬಂದ ದಿನಾಂಕ ನೋಡಿ. ಹಿಂದಿನ ದಿನ ಸರ್ಕಾರಗಳ ನಡುವೆ ಜಗಳ ಆಗಿದೆಯಾ, ಬೀದಿಯಲ್ಲಿ ಗಲಭೆ ಆಗಿದೆಯಾ? ಜಗಳಕ್ಕೆ ಬಂದದ್ದಾದರೆ ಓದಿ ಪಕ್ಕಕ್ಕಿಡಿ.

ಅಮೆರಿಕಾದಲ್ಲಿರುವ ನಮ್ಮವರು ಮಾತ್ರ ಬಂದೂಕಿನ ಬಗ್ಗೆ ಮಳೆಯ ಬಗ್ಗೆ ಹೇಳಿದಂತೆ ಮಾತಾಡುತ್ತಾರೆ. ಮಕ್ಕಳಿಗೆ ಶಾಲೆಯಲ್ಲಿ ಗುಂಡಿನ ದಾಳಿಯ ಡ್ರಿಲ್ ಮಾಡಿಸುತ್ತಾರೆ, ಅದು ಅವರಿಗೆ ಮಾಮೂಲಿ. ಅಭ್ಯಾಸ ಆಗಿದೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ. ಇಲ್ಲಿ ಸರ್ಕಾರವೂ ಮೌನ, ಅಲ್ಲಿರುವವರೂ ಮೌನ.

ನಮ್ಮ ಗೋಕರ್ಣದ ಬಗ್ಗೆ ಅವರ ಸರ್ಕಾರಗಳು ಏನು ಬರೀತಾವೆ?

ಮಜಾ ಇರುವುದೇ ಇಲ್ಲಿ. 2025ರ ಜೂನ್‌ನ ಅಮೆರಿಕಾ ಸೂಚನೆಯಲ್ಲಿ ಭಾರತಕ್ಕೆ 2ನೇ ನಂಬರ್: ಹೆಚ್ಚಿನ ಎಚ್ಚರ ಬೇಕು, ಹೆಂಗಸರು ಒಬ್ಬೊಬ್ಬರೇ ತಿರುಗಬೇಡಿ. ಕಾಶ್ಮೀರ, ಪಾಕಿಸ್ತಾನದ ಗಡಿ, ಮಾವೋವಾದಿ ಪ್ರದೇಶ ಅಂತ ಪಟ್ಟಿಯೂ ಇದೆ. ಉತ್ತರ ಕನ್ನಡದ ಹೆಸರಿಲ್ಲ. ಕುಡ್ಲೆ, ಓಂ ಬೀಚಿನಲ್ಲಿ ಪ್ರತಿ ಚಳಿಗಾಲ ಬಂದು ಕೂರುವ ವಿದೇಶಿಯರು ಇದನ್ನು ಓದಿ ನಗುತ್ತಾರೆ. ಅವರಿಗೆ ಇಲ್ಲಿ ಚಹಾದಂಗಡಿಯವನೂ ಗೊತ್ತು, ಅವನ ನಾಯಿಯೂ ಗೊತ್ತು.

ಆದರೆ ಇಲ್ಲಿ ಜೀವ ತೆಗೆಯುವುದು ಸಮುದ್ರ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಳೆಗಾಲ ಕೂಡ ಅಲ್ಲ ಅದು. ‘ಇಲ್ಲಿ ಇಳಿಯಬೇಡಿ’ ಅಂತ ಮೀನುಗಾರರು ಕೂಗಿ ಹೇಳುವ ಜಾಗದಲ್ಲೇ ಜನ ಸೆಲ್ಫಿಗೆ ಇಳಿಯುತ್ತಾರೆ.

ಇನ್ನೊಂದು ಸ್ಯಾಟಲೈಟ್ ಫೋನ್. ಚಾರಣಕ್ಕೆ ಅಂತ ತರುವ ಉಪಗ್ರಹ ಸಂಪರ್ಕದ ಸಣ್ಣ ಉಪಕರಣವೂ ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಬ್ರಿಟನ್, ಅಮೆರಿಕಾ ಎರಡೂ ಇದನ್ನು ಸ್ಪಷ್ಟವಾಗಿ ಬರೆದಿವೆ. ಕಾರವಾರದಲ್ಲಿ ಕದಂಬ ನೌಕಾನೆಲೆ, ಒಳಗೆ ಕೈಗಾ ಅಣುಸ್ಥಾವರ ಇರುವ ಜಿಲ್ಲೆಯಲ್ಲಿ ಅದನ್ನು ಆನ್ ಮಾಡಿದರೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ.

2025ರ ಜುಲೈನಲ್ಲಿ ರಾಮತೀರ್ಥ ಗುಡ್ಡದ ಗುಹೆಯಲ್ಲಿ ವಾಸವಾಗಿದ್ದ ವಿದೇಶಿ ಮಹಿಳೆಯ ಸುದ್ದಿ ಓದಿರುತ್ತೀರಿ. ಗುಡ್ಡ ಕುಸಿಯುತ್ತದೆ, ಹಾವು ಇವೆ ಅಂತ ಪೊಲೀಸರ ಚಿಂತೆ. ಆಕೆಗೆ ಅಲ್ಲಿ ಯಾವ ಭಯವೂ ಇರಲಿಲ್ಲ. ತೊಂದರೆ ಬಂದದ್ದು ಮುಗಿದುಹೋಗಿದ್ದ ವೀಸಾದಿಂದ. ಗಲ್ಫಿನಲ್ಲಿ ನಮ್ಮವರ ಕಥೆಯೂ ಬಹುಪಾಲು ಇದೇ ಅಲ್ವಾ?

ಹಡಗಿನಲ್ಲಿ ಕೆಲಸ. ಕೆಂಪು ಸಮುದ್ರದ ದಾರಿ ಅಂದ್ರೆ ಏನು ಮಾಡೋದು?

ಹಡಗಿನವರಿಗೆ ವಿದೇಶಾಂಗ ಸಚಿವಾಲಯದ ಎಚ್ಚರಿಕೆಗಿಂತ ನೌಕಾಯಾನ ಮಹಾನಿರ್ದೇಶನಾಲಯದ ಸುತ್ತೋಲೆ ಮುಖ್ಯ. 2023ರ ನವೆಂಬರ್‌ನಿಂದ ಹೌತಿಗಳು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಬಿದ್ದರು. 2024ರ ಏಪ್ರಿಲ್‌ನಲ್ಲಿ ಇರಾನ್ ಹಿಡಿದ ಎಂಎಸ್‌ಸಿ ಏರೀಸ್ ಹಡಗಿನ 25 ಜನರಲ್ಲಿ 17 ಜನ ನಮ್ಮವರು. ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ ಇರುವ ಹಡಗಾದರೆ, ಯುದ್ಧದ ಪ್ರದೇಶ ಅಂತ ಗುರುತಿಸಿದ ನೀರಿಗೆ ಬರುವುದಿಲ್ಲ ಅಂತ ಹೇಳುವ ಹಕ್ಕು ನಾವಿಕನಿಗೆ ಇದೆ. ಕಂಪನಿಯ ಖರ್ಚಿನಲ್ಲಿ ಊರಿಗೆ ಕಳಿಸಬೇಕು. ಹೋದರೆ ಹೆಚ್ಚಿನ ಭತ್ಯೆ. ಕಾಗದದಲ್ಲಿ ಹಕ್ಕು ಇದೆ, ‘ಮುಂದಿನ ಕಾಂಟ್ರಾಕ್ಟ್ ಸಿಗುತ್ತಾ’ ಅನ್ನುವ ಭಯವೂ ಇದೆ. ಸಹಿ ಮಾಡುವ ಮೊದಲೇ ಆ ಪುಟ ಓದಿಕೊಳ್ಳಿ, ಮಧ್ಯ ಸಮುದ್ರದಲ್ಲಿ ಅಲ್ಲ.

ದುಬೈ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವರಿಗೆ ಗಡಿಯ ಗೆರೆಯೇ ದೊಡ್ಡ ಅಪಾಯ. 2018ರಲ್ಲಿ ನಮ್ಮ ಜಿಲ್ಲೆಯ ಮೀನುಗಾರರು ಇರಾನ್ ನೀರಿಗೆ ಹೋದರು ಅಂತ ಅಲ್ಲಿ ತಿಂಗಳುಗಟ್ಟಲೆ ಬಂದಿಯಾಗಿದ್ದರು.

ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ, ಟಿಕೆಟ್ ಅವರೇ ಕೊಡ್ತಾರಂತೆ. ಗೆಳೆಯ ಅಲ್ಲೇ ಇದ್ದಾನೆ, ಚೆನ್ನಾಗಿದೆ ಅಂತಾನೆ.

ಹೋಗಬೇಡಿ. ಈ ಒಂದು ವಿಷಯದಲ್ಲಿ ಗೆಳೆಯನ ಮಾತು ಪೂರ್ತಿ ಬಿಡಿ, ಸರ್ಕಾರದ ಮಾತು ಪೂರ್ತಿ ನಂಬಿ. 2022ರಿಂದಲೂ ವಿದೇಶಾಂಗ ಸಚಿವಾಲಯ ಹೇಳುತ್ತಲೇ ಇದೆ. ಬ್ಯಾಂಕಾಕ್‌ನಲ್ಲಿ ಇಳಿಸಿ, ಗಡಿ ದಾಟಿಸಿ, ಮ್ಯಾನ್ಮಾರ್‌ನ ಮ್ಯಾವಡ್ಡಿ ಕಡೆ ಕಾಂಪೌಂಡಿನೊಳಗೆ ಕೂರಿಸಿ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ಕಾಂಬೋಡಿಯಾ, ಲಾವೋಸ್‌ನಲ್ಲೂ ಇದೇ. 2025ರ ಮಾರ್ಚ್‌ನಲ್ಲಿ ಇಂಥ 549 ಜನರನ್ನು ಥಾಯ್ಲೆಂಡ್‌ನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನದಲ್ಲಿ ತರಬೇಕಾಯಿತು. ಗೆಳೆಯ ‘ಚೆನ್ನಾಗಿದೆ, ಬಾ’ ಅನ್ನುವಾಗ ಅವನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಅಂತ ನಿಮಗೆ ಕಾಣುವುದಿಲ್ಲ. ಇನ್ನೊಬ್ಬನನ್ನು ಕರೆತಂದರೆ ನಿನ್ನನ್ನು ಬಿಡುತ್ತೇವೆ ಅಂತಲೂ ಹೇಳಿರುತ್ತಾರೆ.

ಹೆಣ್ಣುಮಗಳನ್ನು ಒಬ್ಬಳೇ ಕಳಿಸಬಹುದಾ?

ಯಾವ ಕೆಲಸಕ್ಕೆ ಅನ್ನುವುದರ ಮೇಲೆ. ದುಬೈನಲ್ಲಿ ನರ್ಸ್ ಆಗಿರುವ ಹೊನ್ನಾವರದ ಹುಡುಗಿ ರಾತ್ರಿ 12ಕ್ಕೆ ಮೆಟ್ರೋ ಇಳಿದು ನಡೆದು ಬರುತ್ತಾಳೆ. ಬೆಂಗಳೂರಿಗಿಂತ ಆರಾಮ ಅನ್ನುತ್ತಾಳೆ, ನಾನು ನಂಬುತ್ತೇನೆ. ಅದೇ ಊರಿನಲ್ಲಿ ಮನೆಗೆಲಸಕ್ಕೆ ಹೋದವಳಿಗೆ ರಸ್ತೆಯೇ ಕಾಣುವುದಿಲ್ಲ. ಅವಳ ಸುರಕ್ಷತೆ ಆ ಮನೆಯ ಬಾಗಿಲಿನೊಳಗೆ ತೀರ್ಮಾನ ಆಗುತ್ತದೆ. ಅದಕ್ಕೇ ವಲಸೆ ಅನುಮತಿ ಬೇಕಾದ ಪಾಸ್‌ಪೋರ್ಟ್ (ಹತ್ತನೇ ತರಗತಿ ಪಾಸಾಗದವರದ್ದು) ಇರುವ ಹೆಂಗಸರು ಗಲ್ಫಿಗೆ ಮನೆಗೆಲಸಕ್ಕೆ ಹೋಗಬೇಕಾದರೆ 30 ವರ್ಷ ಆಗಿರಬೇಕು, ಸರ್ಕಾರಿ ಏಜೆನ್ಸಿಯ ಮೂಲಕವೇ ಹೋಗಬೇಕು ಅಂತ ನಿಯಮ ಇದೆ. ವಿಸಿಟ್ ವೀಸಾದಲ್ಲಿ ಕರೆದುಕೊಂಡು ಹೋಗುತ್ತೇನೆ ಅನ್ನುವವನು ಈ ನಿಯಮ ತಪ್ಪಿಸಲಿಕ್ಕೇ ಹಾಗೆ ಮಾಡುವುದು.

ಇಂಟರ್ನೆಟ್‌ನಲ್ಲಿ ‘ಪ್ರಪಂಚದ ಅತಿ ಸೇಫ್ ಸಿಟಿ’ ಅಂತ ಪಟ್ಟಿ ಬರುತ್ತಲ್ಲ?

ನಂಬಿಯೋ (Numbeo) ಅನ್ನುವ ಜಾಲತಾಣದ ಪಟ್ಟಿಯಲ್ಲಿ ಅಬುಧಾಬಿ 2017ರಿಂದ ಮೊದಲ ಸ್ಥಾನದಲ್ಲೇ ಕಾಣಿಸುತ್ತಿದೆ. ಅದು ಆ ತಾಣಕ್ಕೆ ಬಂದು ಉತ್ತರ ತುಂಬಿದವರ ಅನಿಸಿಕೆ, ಪೊಲೀಸ್ ಲೆಕ್ಕ ಅಲ್ಲ. ಲ್ಯಾಪ್‌ಟಾಪ್ ಇರುವವರು ತುಂಬುತ್ತಾರೆ, ಲೇಬರ್ ಕ್ಯಾಂಪಿನವರು ತುಂಬುವುದಿಲ್ಲ.

ಹೋಗಬಾರದು ಅಂತ ನಿಷೇಧ ಇರುವ ದೇಶಕ್ಕೆ ಹೋದರೆ?

ಎಚ್ಚರಿಕೆ ಬೇರೆ, ನಿಷೇಧ ಬೇರೆ. ಯೆಮನ್‌ಗೆ 2017ರಲ್ಲಿ ನಿಷೇಧ ಹಾಕಿದ್ದಾರೆ. ಮೀರಿ ಹೋದರೆ ಪಾಸ್‌ಪೋರ್ಟೇ ಮುಟ್ಟುಗೋಲು.

ವಿಮೆ ಸಿಗ್ತದಾ?

ಹತ್ತನೇ ತರಗತಿ ಪಾಸಾಗದವರು ಗಲ್ಫೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ವಲಸೆ ಅನುಮತಿ ಬೇಕು. ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ. ಒಂದು ಪ್ಲೇಟ್ ಮೀನೂಟದ ದುಡ್ಡು. ಆದರೆ ಮನೆಯವರ ಹತ್ತಿರ ಪಾಲಿಸಿ ನಂಬರೇ ಇರುವುದಿಲ್ಲ, ಮಗನ ಮೊಬೈಲಿನಲ್ಲಿರುತ್ತದೆ. ಪ್ರಿಂಟ್ ತೆಗೆದು ಮನೆಯಲ್ಲಿಡಿ. ಪ್ರವಾಸಿ ವಿಮೆಯವರು ಯುದ್ಧವನ್ನು ಸಾಮಾನ್ಯವಾಗಿ ಹೊರಗಿಡುತ್ತಾರೆ, ಆ ಸಾಲು ಸಣ್ಣಕ್ಷರದಲ್ಲಿರುತ್ತದೆ.

ಹೊರಡುವ ಮೊದಲು ಏನು ಮಾಡಿಟ್ಟುಕೊಳ್ಳಬೇಕು?

ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟನ ಪರವಾನಗಿ ಇದೆಯಾ ನೋಡಿ. ಅಲ್ಲಿ ಇಳಿದ ಮೊದಲ ವಾರದಲ್ಲೇ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಯೆಮನ್, ಸುಡಾನ್‌ನಂಥ ಹೊತ್ತಿನಲ್ಲಿ ಅವರು ಫೋನ್ ಮಾಡುವುದು ಆ ಪಟ್ಟಿ ಹಿಡಿದುಕೊಂಡೇ. ಸಂಬಳ, ಪಾಸ್‌ಪೋರ್ಟ್ ತಕರಾರು ಇದ್ದರೆ ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ದೂರು ಹಾಕಬಹುದು, ಊರಿನಿಂದ ಮನೆಯವರೂ ಹಾಕಬಹುದು. ರಾಯಭಾರ ಕಚೇರಿಯ ನಂಬರನ್ನು ಕಾಗದದಲ್ಲಿ ಬರೆದು ಪರ್ಸಿನಲ್ಲಿಡಿ. ಮೊಬೈಲ್ ಮೊದಲು ಕೈಬಿಡುವುದು ಇಂಥ ಹೊತ್ತಿನಲ್ಲೇ.

ಎಚ್ಚರಿಕೆ ಬಂತು ಅಂತ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರ್ತದಾ?

ವಿಮಾನದವರೇ ರದ್ದು ಮಾಡಿದರೆ ಬರುತ್ತದೆ. ನೀವಾಗಿ ಹೆದರಿ ರದ್ದು ಮಾಡಿದರೆ ಟಿಕೆಟ್ ನಿಯಮ ಎಷ್ಟು ಹೇಳುತ್ತದೋ ಅಷ್ಟೇ, ಬಹಳ ಸಲ ತೆರಿಗೆ ಮಾತ್ರ. ಹಾಗಾಗಿ ಗೋವಾದಿಂದಾಗಲಿ ಮಂಗಳೂರಿನಿಂದಾಗಲಿ ಗಲ್ಫಿನ ಟಿಕೆಟ್ ಇದ್ದು, ಅಲ್ಲಿ ಆಕಾಶ ಮುಚ್ಚುವ ಸುದ್ದಿ ಓಡಾಡುತ್ತಿದ್ದರೆ ರಾತ್ರೋರಾತ್ರಿ ಕ್ಯಾನ್ಸಲ್ ಒತ್ತಬೇಡಿ. ವಿಮಾನದವರು ದಿನಾಂಕ ಉಚಿತವಾಗಿ ಬದಲಿಸಿಕೊಡುವ ಪ್ರಕಟಣೆ ಬರುತ್ತದಾ ಅಂತ ಒಂದು ದಿನ ಕಾಯಿರಿ. ಬಂದರೆ ನನ್ನ ಅಂಗಡಿಗೆ ಬನ್ನಿ, ಪಾಸ್‌ಪೋರ್ಟ್ ಮತ್ತು ಟಿಕೆಟ್ ಪ್ರಿಂಟ್ ಎರಡೂ ಹಿಡಿದುಕೊಂಡು.